ಫ್ರಾಂಕ್ ಲಿಟ್ಲ್

ಫ್ರಾಂಕ್ ಹೆನ್ರಿ ಲಿಟ್ಲ್ (ಸು. ೧೮೭೮ – ಆಗಸ್ಟ್ ೧, ೧೯೧೭) ಅಮೆರಿಕ ಸಂಯುಕ್ತ ಸಂಸ್ಥಾನದ ಕಾರ್ಮಿಕ ಸಂಘಟಕರು. ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್ (ಐ.ಡಬ್ಲ್ಯೂ.ಡಬ್ಲ್ಯೂ.) ಎಂಬ ಕಾರ್ಮಿಕ ಸಂಘಟನೆಯ ಕೇಂದ್ರ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದ ಇವರು ಗಣಿ, ಹಣ್ಣಿನ ತೋಟ, ಗೋಧಿ ಹೊಲ ಮತ್ತು ಅದಿರಿನ ಹಡಗುಕಟ್ಟೆಗಳಲ್ಲಿ ದುಡಿಯುತ್ತಿದ್ದ ಕೂಲಿಕಾರರನ್ನು ಸಂಘಟಿಸಿದರು. ಬೀದಿಯಲ್ಲಿ ನಿಂತು ಮಾತನಾಡುವ ಹಕ್ಕಿಗಾಗಿ ನಡೆದ ಹಲವು ಹೋರಾಟಗಳಲ್ಲಿ ಮುಂಚೂಣಿಯಲ್ಲಿದ್ದು ಸೆರೆವಾಸ ಅನುಭವಿಸಿದರು. ೧೯೧೩ರಲ್ಲಿ ಮತ್ತು ೧೯೧೬ರಲ್ಲಿ ಅಪಹರಣಕ್ಕೆ ಒಳಗಾಗಿ ಬದುಕಿ ಬಂದರು. ೧೯೧೭ರ ಆಗಸ್ಟ್ ೧ರ ನಸುಕಿನಲ್ಲಿ ಮೊಂಟಾನ ರಾಜ್ಯದ ಬ್ಯೂಟ್ ನಗರದಲ್ಲಿ ಮುಸುಕುಧಾರಿಗಳ ಗುಂಪೊಂದು ಇವರನ್ನು ಹಾಸಿಗೆಯಿಂದ ಎಬ್ಬಿಸಿ ಒಯ್ದು, ರೈಲ್ವೆ ಸೇತುವೆಯೊಂದಕ್ಕೆ ನೇಣುಹಾಕಿ ಕೊಂದಿತು. ಈ ಕೊಲೆಗಾಗಿ ಯಾರನ್ನೂ ವಿಚಾರಣೆಗೆ ಗುರಿಪಡಿಸಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಾರ್ಮಿಕ ಸಂಘಟಕರ ಮೇಲೆ ನಡೆದ ಹಿಂಸೆಯ ಪ್ರಕರಣಗಳಲ್ಲಿ ಇದು ಹೆಚ್ಚು ಪ್ರಸಿದ್ಧವಾದದ್ದು.

ಬಾಲ್ಯ ಮತ್ತು ಗಣಿಯ ಬದುಕು

ಲಿಟ್ಲ್ ಅವರ ತಂದೆ ವಾಲ್ಟರ್ ಲಿಟ್ಲ್ ವೈದ್ಯರು. ಶಾಂತಿವಾದಕ್ಕೆ ಹೆಸರಾದ ಕ್ವೇಕರ್ ಪಂಥಕ್ಕೆ ಸೇರಿದವರು. ತಾಯಿ ಅಲ್ಮೈರಾ. ಬಾಲ್ಯವು ಮಿಸೌರಿಯಲ್ಲಿಯೂ ಅನಂತರ ಓಕ್ಲಹೋಮ ಪ್ರಾಂತ್ಯದಲ್ಲಿಯೂ ಕಳೆಯಿತು. ತಮ್ಮ ಮೈಯಲ್ಲಿ ಅಮೆರಿಕದ ಮೂಲನಿವಾಸಿಗಳ ರಕ್ತವಿದೆ ಎಂದು ಲಿಟ್ಲ್ ಹೇಳಿಕೊಳ್ಳುತ್ತಿದ್ದರು. ಅವರ ಗೆಳೆಯರೂ ಪತ್ರಿಕೆಗಳೂ ಅದನ್ನು ನಂಬಿದ್ದವು. ಆದರೆ ಅವರ ಕುಟುಂಬದ ಚರಿತ್ರೆಯನ್ನು ಶೋಧಿಸಿ ಜೇನ್ ಲಿಟ್ಲ್ ಬಾಟ್ಕಿನ್ ಎಂಬ ಲೇಖಕಿ ೨೦೧೭ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯು ಈ ಮಾತಿಗೆ ಆಧಾರವಿಲ್ಲವೆಂದು ತೋರಿಸಿದೆ. ಲೇಖಕಿಯು ಲಿಟ್ಲ್ ಅವರ ಕುಟುಂಬಕ್ಕೇ ಸೇರಿದವರು.

ಯೌವನದಲ್ಲಿ ಲಿಟ್ಲ್ ಪಶ್ಚಿಮದ ರಾಜ್ಯಗಳಿಗೆ ಹೋಗಿ ಲೋಹದ ಗಣಿಗಳಲ್ಲಿ ಕೂಲಿಯಾದರು. ಆ ಕಾಲದ ಗಣಿಗಳಲ್ಲಿ ಬಂಡೆ ಕುಸಿತ, ಬೆಂಕಿ ಮತ್ತು ಸಿಡಿಮದ್ದಿನ ಅಪಘಾತಗಳು ಸಾಮಾನ್ಯವಾಗಿದ್ದವು. ಕೊರೆಯುವ ಯಂತ್ರಗಳಿಂದ ಏಳುವ ಸೂಕ್ಷ್ಮವಾದ ಕಲ್ಲುಧೂಳು ಶ್ವಾಸಕೋಶದಲ್ಲಿ ಸೇರಿ ಗಣಿಗಾರರು ನಡುವಯಸ್ಸಿಗೇ ಕ್ಷಯಿಸುತ್ತಿದ್ದರು. ಲಿಟ್ಲ್ ಅವರಿಗೆ ಒಂದು ಕಣ್ಣು ಇರಲಿಲ್ಲ. ದೇಹ ತೆಳ್ಳಗಿದ್ದು ಆರೋಗ್ಯವೂ ದೃಢವಾಗಿರಲಿಲ್ಲ. ಅರಿಜೋನದ ಗಣಿ ಪ್ರದೇಶದಲ್ಲಿದ್ದಾಗ ಅವರು ವೆಸ್ಟರ್ನ್ ಫೆಡರೇಷನ್ ಆಫ್ ಮೈನರ್ಸ್ ಎಂಬ ಗಣಿಗಾರರ ಒಕ್ಕೂಟವನ್ನು ಸೇರಿ, ಅಲ್ಲಿಯೇ ಸಂಘಟನೆಯ ಕೆಲಸವನ್ನು ಕಲಿತರು. ಈ ಒಕ್ಕೂಟವು ೧೮೯೩ರಲ್ಲಿ ಸ್ಥಾಪನೆಯಾದದ್ದು ಬ್ಯೂಟ್ ನಗರದಲ್ಲಿ.

ಐ.ಡಬ್ಲ್ಯೂ.ಡಬ್ಲ್ಯೂ. ಸೇರ್ಪಡೆ

೧೯೦೫ರ ಜೂನ್ ತಿಂಗಳಿನಲ್ಲಿ ಷಿಕಾಗೋ ನಗರದಲ್ಲಿ ಐ.ಡಬ್ಲ್ಯೂ.ಡಬ್ಲ್ಯೂ. ಸ್ಥಾಪನೆಯಾಯಿತು. ಅಮೆರಿಕನ್ ಫೆಡರೇಷನ್ ಆಫ್ ಲೇಬರ್ ಎಂಬ ಹಳೆಯ ಒಕ್ಕೂಟದ ಸಂಘಗಳು ಮುಖ್ಯವಾಗಿ ಕುಶಲ ಕಸುಬುದಾರರಿಗೆ ಸೇರಿದ್ದವು. ಬಡಗಿಗೆ ಒಂದು ಸಂಘ, ಕಮ್ಮಾರನಿಗೆ ಇನ್ನೊಂದು ಸಂಘ ಎಂಬುದು ಅಲ್ಲಿಯ ಕ್ರಮ. ಕಸುಬು ಕಲಿಯದ ಕೂಲಿಗಳು, ಹೊಸದಾಗಿ ಬಂದ ವಲಸೆಗಾರರು ಮತ್ತು ಕಪ್ಪು ಜನಾಂಗದವರು ಬಹುಮಟ್ಟಿಗೆ ಹೊರಗೇ ಉಳಿದಿದ್ದರು. ಒಂದು ಉದ್ಯಮದಲ್ಲಿ ದುಡಿಯುವ ಎಲ್ಲರೂ, ಭಾಷೆ, ಬಣ್ಣ ಮತ್ತು ಕಸುಬಿನ ಭೇದವಿಲ್ಲದೆ, ಒಂದೇ ಸಂಘದಲ್ಲಿರಬೇಕೆಂಬುದು ಹೊಸ ಸಂಘಟನೆಯ ತತ್ತ್ವ. ಕೂಲಿಯ ವ್ಯವಸ್ಥೆಯನ್ನೇ ಕೊನೆಗಾಣಿಸುವುದು ಅದರ ದೂರದ ಗುರಿ. ಇದರ ಸದಸ್ಯರಿಗೆ ವಾಬ್ಲಿಗಳು ಎಂಬ ಅಡ್ಡಹೆಸರು ಬಂದಿತು.

ಲಿಟ್ಲ್ ೧೯೦೬ರ ಹೊತ್ತಿಗೆ ಈ ಸಂಘಟನೆಯನ್ನು ಸೇರಿದರು. ಕೆಲವೇ ವರ್ಷಗಳಲ್ಲಿ ಅವರು ಪೂರ್ಣಕಾಲದ ಸಂಘಟಕರಾದರು. ಸಂಘಟಕನ ಕೆಲಸವೆಂದರೆ ಸಾಮಾನು ರೈಲುಗಳಲ್ಲಿ ಊರಿಂದೂರಿಗೆ ಹೋಗುವುದು, ಕೂಲಿಕಾರರ ಬಿಡಾರಗಳಲ್ಲಿ ಉಳಿಯುವುದು, ಅವರ ಕಷ್ಟಗಳನ್ನು ಕೇಳಿ ಬೇಡಿಕೆಗಳ ಪಟ್ಟಿ ಮಾಡುವುದು, ಬೀದಿಯ ಮೂಲೆಯಲ್ಲಿ ಪೆಟ್ಟಿಗೆಯ ಮೇಲೆ ನಿಂತು ಭಾಷಣ ಮಾಡುವುದು ಮತ್ತು ಸದಸ್ಯತ್ವದ ಕೆಂಪು ಕಾರ್ಡುಗಳನ್ನು ಹಂಚುವುದು. ಅಲೆಮಾರಿ ಕೂಲಿಕಾರರಿಗೆ ಕಾಯಂ ವಿಳಾಸವಾಗಲಿ ಒಂದೇ ಕಾರ್ಖಾನೆಯ ಬಾಗಿಲಾಗಲಿ ಇರಲಿಲ್ಲ. ಆದ್ದರಿಂದ ಅವರನ್ನು ತಲುಪಲು ಬೀದಿಯ ಭಾಷಣವೇ ಮುಖ್ಯ ಸಾಧನವಾಗಿತ್ತು. ನಗರಸಭೆಗಳು ಮೊದಲು ನಿಷೇಧಿಸಿದ್ದೂ ಅದನ್ನೇ.

ವಾಕ್ ಸ್ವಾತಂತ್ರ್ಯದ ಹೋರಾಟಗಳು

ಮೊಂಟಾನದ ಮಿಸೂಲ ನಗರದಲ್ಲಿ ೧೯೦೯ರ ಶರತ್ಕಾಲದಲ್ಲಿ ಬೀದಿ ಭಾಷಣಕ್ಕಾಗಿ ವಾಬ್ಲಿಗಳನ್ನು ಬಂಧಿಸಲಾಯಿತು. ಅಲ್ಲಿ ಎಲಿಜಬೆತ್ ಗರ್ಲಿ ಫ್ಲಿನ್ ಎಂಬ ತರುಣಿಯೊಡನೆ ಲಿಟ್ಲ್ ಕೂಡ ಹೋರಾಟದಲ್ಲಿ ಭಾಗವಹಿಸಿ ಸೆರೆಗೆ ಹೋದರು. ಒಬ್ಬನನ್ನು ಬಂಧಿಸಿದರೆ ಇನ್ನೊಬ್ಬನು ಅದೇ ಪೆಟ್ಟಿಗೆಯ ಮೇಲೆ ಹತ್ತುವುದು, ಸೆರೆಮನೆ ತುಂಬುವವರೆಗೆ ಸುತ್ತಣ ಊರುಗಳಿಂದ ಸದಸ್ಯರು ಬರುತ್ತಲೇ ಇರುವುದು – ಇದು ಅವರ ವಿಧಾನ. ಅದರಲ್ಲಿ ಆಯುಧವಿರಲಿಲ್ಲ. ಸೆರೆಯಾಳುಗಳ ಊಟದ ಮತ್ತು ವಿಚಾರಣೆಯ ವೆಚ್ಚವನ್ನು ತಾಳಲಾರದೆ ಮಿಸೂಲದ ಆಡಳಿತ ಅಕ್ಟೋಬರ್ ತಿಂಗಳಿನಲ್ಲಿ ಮಣಿಯಿತು.

ಅದೇ ವರ್ಷದ ನವೆಂಬರ್ ತಿಂಗಳಿನಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕ್ಯಾನ್ ನಗರದಲ್ಲಿ ಇದಕ್ಕಿಂತ ದೊಡ್ಡ ಹೋರಾಟ ನಡೆಯಿತು. ಅಲ್ಲಿಯ ಖಾಸಗಿ ಉದ್ಯೋಗ ಏಜೆನ್ಸಿಗಳು ಕೂಲಿಕಾರರಿಂದ ಶುಲ್ಕ ಪಡೆದು ಮರಕಡಿಯುವ ಬಿಡಾರಗಳಿಗೆ ಕಳುಹಿಸುತ್ತಿದ್ದವು. ಅಲ್ಲಿಯ ಮೇಸ್ತ್ರಿಯು ಕೆಲವೇ ದಿನಗಳಲ್ಲಿ ಅವರನ್ನು ತೆಗೆದುಹಾಕಿ ಹೊಸಬರನ್ನು ಕರೆಸುತ್ತಿದ್ದನು. ಹೀಗೆ ಬರುತ್ತಿದ್ದ ಶುಲ್ಕವನ್ನು ಏಜೆನ್ಸಿಯೂ ಮೇಸ್ತ್ರಿಯೂ ಹಂಚಿಕೊಳ್ಳುತ್ತಿದ್ದರು. ಈ ಮೋಸವನ್ನು ಬೀದಿಯಲ್ಲಿ ಬಯಲುಮಾಡಿದವರನ್ನು ಪೊಲೀಸರು ಸೆರೆಹಿಡಿದರು. ನೂರಾರು ಜನರನ್ನು ಕಿರಿದಾದ ಕೋಣೆಗಳಲ್ಲಿ ತುಂಬಿ, ಅತಿಯಾದ ಶಾಖಕ್ಕೂ ಬಳಿಕ ಚಳಿಗೂ ಒಡ್ಡಲಾಯಿತು. ಲಿಟ್ಲ್ ಅವರಿಗೆ ಇಲ್ಲಿ ಮೂವತ್ತು ದಿನಗಳ ಶಿಕ್ಷೆಯಾಯಿತು. ಅವರು ಮಾಡಿದ ಅಪರಾಧವೆಂದರೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬೀದಿಯಲ್ಲಿ ಓದಿದ್ದು. ೧೯೧೦ರ ಮಾರ್ಚ್ ತಿಂಗಳಿನಲ್ಲಿ ನಗರವು ಒಪ್ಪಂದಕ್ಕೆ ಬಂದಿತು. ಹಲವು ಉದ್ಯೋಗ ಏಜೆನ್ಸಿಗಳ ಪರವಾನಗಿಗಳು ರದ್ದಾದವು.

ಕ್ಯಾಲಿಫೋರ್ನಿಯದ ಫ್ರೆಸ್ನೋ ನಗರದ ಹೋರಾಟದಲ್ಲಿ (೧೯೧೦–೧೧) ಲಿಟ್ಲ್ ಅವರೇ ಮುಖ್ಯ ನಾಯಕರಾಗಿದ್ದರು. ಸುತ್ತಣ ದ್ರಾಕ್ಷಿ ಮತ್ತು ಹಣ್ಣಿನ ತೋಟಗಳ ಕೂಲಿಗಳನ್ನೂ ಅಣೆಕಟ್ಟೆಯ ಕೆಲಸದಲ್ಲಿದ್ದ ಮೆಕ್ಸಿಕೋ ದೇಶದ ಕೂಲಿಗಳನ್ನೂ ಅವರು ಸಂಘಟಿಸತೊಡಗಿದಾಗ ಬೀದಿ ಭಾಷಣದ ಅನುಮತಿಯನ್ನು ಪೊಲೀಸ್ ಮುಖ್ಯಸ್ಥರು ನಿರಾಕರಿಸಿದರು. ನ್ಯಾಯಾಲಯದಲ್ಲಿ ತಮ್ಮ ವಾದವನ್ನು ತಾವೇ ಮಂಡಿಸಿದ ಲಿಟ್ಲ್, ಬೀದಿ ಭಾಷಣವನ್ನು ನಿಷೇಧಿಸುವ ಯಾವ ಕಾನೂನೂ ಫ್ರೆಸ್ನೋದಲ್ಲಿ ಇಲ್ಲವೆಂಬುದನ್ನು ತೋರಿಸಿದರು. ಅದು ನಿಜವಾಗಿತ್ತು, ಮೊಕದ್ದಮೆ ವಜಾ ಆಯಿತು. ಆಗ ನಗರಸಭೆಯು ಅವಸರದಿಂದ ಅಂಥ ಕಾನೂನೊಂದನ್ನು ಮಾಡಿ ಬಂಧನಗಳನ್ನು ಮುಂದುವರಿಸಿತು. ೧೯೧೦ರ ಡಿಸೆಂಬರ್ ತಿಂಗಳಿನಲ್ಲಿ ದೊಡ್ಡ ಗುಂಪೊಂದು ವಾಬ್ಲಿಗಳನ್ನು ಥಳಿಸಿ, ಅವರ ಕಚೇರಿಯಾಗಿದ್ದ ಡೇರೆಯನ್ನು ಸುಟ್ಟಿತು. ಸೆರೆಮನೆಯೊಳಗೆ ಹಾಡುತ್ತಿದ್ದ ಕೈದಿಗಳ ಮೇಲೆ ಅಗ್ನಿಶಾಮಕ ದಳದ ಕೊಳವೆಗಳಿಂದ ನೀರು ಹಾಯಿಸಲಾಯಿತು. ಉತ್ತರದ ರಾಜ್ಯಗಳಿಂದ ನೂರಕ್ಕೂ ಹೆಚ್ಚು ಕಾರ್ಮಿಕರು ಚಳಿಗಾಲದ ಹಿಮದಲ್ಲಿ ಬೆಟ್ಟಗಳನ್ನು ದಾಟಿ ಕಾಲ್ನಡಿಗೆಯಲ್ಲಿ ಫ್ರೆಸ್ನೋ ಕಡೆಗೆ ಹೊರಟ ಸುದ್ದಿ ಬಂದ ಮೇಲೆ, ೧೯೧೧ರ ಮಾರ್ಚ್ ತಿಂಗಳಿನಲ್ಲಿ ನಿಷೇಧವನ್ನು ಹಿಂತೆಗೆದುಕೊಳ್ಳಲಾಯಿತು.

ಅಪಹರಣಗಳು

ಈ ಗೆಲುವುಗಳ ಬಳಿಕ ಎದುರಾಳಿಗಳ ಕ್ರಮವೂ ಬದಲಾಯಿತು. ಸೆರೆಮನೆಯನ್ನು ತುಂಬಿ ಗೆಲ್ಲುವವರನ್ನು ಸೆರೆಮನೆಗೆ ಹಾಕಿ ಪ್ರಯೋಜನವಿರಲಿಲ್ಲ. ಬಂಧನಕ್ಕೆ ದಾಖಲೆಯಿರುತ್ತದೆ, ನ್ಯಾಯಾಧೀಶರಿರುತ್ತಾರೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಅಪಹರಣಕ್ಕೆ ಇವಾವುವೂ ಇಲ್ಲ. ಗಣಿ ಮತ್ತು ಉಕ್ಕಿನ ಕಂಪನಿಗಳು ಖಾಸಗಿ ಪತ್ತೇದಾರರನ್ನೂ ಶಸ್ತ್ರಧಾರಿ ಕಾವಲುಗಾರರನ್ನೂ ನೇಮಿಸಿಕೊಂಡಿದ್ದವು. ಹಲವೆಡೆ ಅದೇ ಕಾವಲುಗಾರರಿಗೆ ಜಿಲ್ಲೆಯ ಷೆರಿಫ್ ಅಧಿಕಾರಿಯು ಉಪಷೆರಿಫ್ ಪದವಿಯನ್ನು ಕೊಡುತ್ತಿದ್ದನು. ಹೀಗಾಗಿ ಕಂಪನಿಯ ಸಂಬಳ ಪಡೆಯುವವನೇ ಕಾನೂನಿನ ಬಿಲ್ಲೆಯನ್ನೂ ಧರಿಸಿರುತ್ತಿದ್ದನು.

೧೯೧೩ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪೀರಿಯರ್ ಮತ್ತು ಮಿನ್ನೆಸೋಟದ ಡುಲುತ್ ಬಂದರುಗಳಲ್ಲಿ ಅದಿರು ತುಂಬುವ ಕೂಲಿಗಳು ಮುಷ್ಕರ ಹೂಡಿದರು. ಅವರಿಗೆ ನೆರವಾಗಲು ಬಂದಿದ್ದ ಲಿಟ್ಲ್ ಅವರನ್ನು ಆಗಸ್ಟ್ ತಿಂಗಳಿನಲ್ಲಿ ಶಸ್ತ್ರಧಾರಿಗಳು ಅಪಹರಿಸಿ, ಡುಲುತ್ ನಗರದ ಹೊರಗೆ ದೂರದ ತೋಟದ ಮನೆಯೊಂದರಲ್ಲಿ ಕೂಡಿಹಾಕಿದರು. ಸುಳಿವು ಹಿಡಿದು ಬಂದ ಸಂಗಡಿಗರು ಅವರನ್ನು ಬಿಡಿಸಿಕೊಂಡು ಹೋದರು.

೧೯೧೬ರ ಬೇಸಿಗೆಯಲ್ಲಿ ಮಿನ್ನೆಸೋಟದ ಮೆಸಾಬಿ ಕಬ್ಬಿಣದ ಗಣಿ ಪ್ರದೇಶದಲ್ಲಿ ದೊಡ್ಡ ಮುಷ್ಕರ ನಡೆಯಿತು. ಅದನ್ನು ನೆರೆಯ ಮಿಷಿಗನ್ ರಾಜ್ಯದ ಗಣಿಗಳಿಗೆ ಹರಡಲು ಹೋಗಿದ್ದ ಲಿಟ್ಲ್ ಅವರನ್ನು ಐರನ್ ರಿವರ್ ಎಂಬ ಊರಿನಲ್ಲಿ ಹಿಡಿದು ಥಳಿಸಲಾಯಿತು. ಕೊರಳಿಗೆ ಹಗ್ಗ ಬಿಗಿದು ನೇಣುಹಾಕುವ ಬೆದರಿಕೆಯೊಡ್ಡಿ, ಕೊನೆಗೆ ಊರಿನ ಹೊರಗೆ ಬಿಟ್ಟುಹೋದರು. ಆ ಬೆದರಿಕೆ ಮುಂದಿನ ವರ್ಷ ನಿಜವಾಯಿತು.

ಈ ನಡುವೆ ಸಂಘಟನೆಯೊಳಗೆ ಲಿಟ್ಲ್ ಅವರ ಸ್ಥಾನ ಬೆಳೆದಿತ್ತು. ಗೋಧಿ ಕಟಾವಿನ ಅಲೆಮಾರಿ ಕೂಲಿಗಳನ್ನು ಬೀದಿಯಲ್ಲಲ್ಲದೆ ಹೊಲದಲ್ಲಿಯೇ ಸಂಘಟಿಸಬೇಕೆಂಬ ಸಲಹೆಯನ್ನು ಅವರು ೧೯೧೪ರ ಅಧಿವೇಶನದಲ್ಲಿ ಮುಂದಿಟ್ಟರು. ಅದರ ಫಲವಾಗಿ ೧೯೧೫ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಕೃಷಿ ಕಾರ್ಮಿಕರ ಸಂಘವು ಸ್ಥಾಪನೆಯಾಗಿ, ಐ.ಡಬ್ಲ್ಯೂ.ಡಬ್ಲ್ಯೂ. ಸಂಘಟನೆಯ ಅತ್ಯಂತ ಬಲವಾದ ಶಾಖೆಯಾಗಿ ಬೆಳೆಯಿತು.

ಯುದ್ಧ ಮತ್ತು ತಾಮ್ರ

೧೯೧೭ರ ಏಪ್ರಿಲ್ ೬ರಂದು ಅಮೆರಿಕವು ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಮದ್ದುಗುಂಡಿನ ಕವಚಗಳಿಗೂ ವಿದ್ಯುತ್ ತಂತಿಗಳಿಗೂ ತಾಮ್ರ ಬೇಕಾಗಿದ್ದುದರಿಂದ ಅದರ ಬೆಲೆ ಏರಿತು. ಗಣಿ ಕಂಪನಿಗಳ ಲಾಭ ಹೆಚ್ಚಿತು. ಜೀವನವೆಚ್ಚ ಏರಿದಷ್ಟು ಕೂಲಿ ಏರಲಿಲ್ಲ. ಯುದ್ಧಕಾಲದಲ್ಲಿ ಮುಷ್ಕರ ಹೂಡುವವರನ್ನು ಶತ್ರುದೇಶದ ಕೈಗೊಂಬೆಗಳೆಂದು ಕರೆಯುವುದು ಈಗ ಸುಲಭವಾಯಿತು.

ಯುದ್ಧದ ವಿಷಯದಲ್ಲಿ ಐ.ಡಬ್ಲ್ಯೂ.ಡಬ್ಲ್ಯೂ. ನಾಯಕರೊಳಗೆ ಒಮ್ಮತವಿರಲಿಲ್ಲ. ಜುಲೈ ತಿಂಗಳಿನಲ್ಲಿ ಷಿಕಾಗೋದಲ್ಲಿ ಸೇರಿದ ಕಾರ್ಯಕಾರಿ ಮಂಡಳಿಯ ಸಭೆಯಲ್ಲಿ ಲಿಟ್ಲ್ ಅವರು ಸಂಘಟನೆಯು ಯುದ್ಧವನ್ನೂ ಕಡ್ಡಾಯ ಸೇನಾಭರ್ತಿಯನ್ನೂ ಬಹಿರಂಗವಾಗಿ ವಿರೋಧಿಸಬೇಕೆಂದು ಪಟ್ಟುಹಿಡಿದರು. ಹಾಗೆ ಮಾಡಿದರೆ ಸರ್ಕಾರವು ಸಂಘಟನೆಯನ್ನೇ ಅಳಿಸಿಹಾಕುವುದೆಂದು ಇತರರು ಎಚ್ಚರಿಸಿದರು. ಪ್ರಧಾನ ಕಾರ್ಯದರ್ಶಿ ವಿಲಿಯಂ ಹೇವುಡ್ ಕೂಡ ಎಚ್ಚರಿಕೆಯ ಪಕ್ಷದಲ್ಲಿದ್ದರು. ಮಂಡಳಿಯು ಸ್ಪಷ್ಟ ನಿರ್ಣಯಕ್ಕೆ ಬರಲಿಲ್ಲ. ಲಿಟ್ಲ್ ಮಾತ್ರ ತಮ್ಮ ಅಭಿಪ್ರಾಯವನ್ನು ಹೋದಲ್ಲೆಲ್ಲ ಸಾರಿದರು. ಅವರ ನಿಲುವನ್ನು ಧೈರ್ಯವೆಂದು ಕೆಲವರೂ ಅವಿವೇಕವೆಂದು ಕೆಲವರೂ ಅಂದೂ ಭಾವಿಸಿದ್ದರು. ಇತಿಹಾಸಕಾರರಲ್ಲಿ ಇಂದೂ ಆ ಚರ್ಚೆ ಇದೆ.

ಅದೇ ತಿಂಗಳ ೧೨ರಂದು ಅರಿಜೋನದ ಬಿಸ್ಬೀ ಎಂಬ ತಾಮ್ರದ ಊರಿನಲ್ಲಿ ಷೆರಿಫ್ ನೇತೃತ್ವದ ಸುಮಾರು ಎರಡು ಸಾವಿರ ಶಸ್ತ್ರಧಾರಿಗಳು ಬೆಳಗಿನ ಜಾವ ಮನೆಮನೆಗೆ ನುಗ್ಗಿ, ಸುಮಾರು ೧,೨೦೦ ಮುಷ್ಕರನಿರತ ಗಣಿಗಾರರನ್ನೂ ಅವರ ಬೆಂಬಲಿಗರನ್ನೂ ಹಿಡಿದರು. ಅವರನ್ನು ದನ ಸಾಗಿಸುವ ರೈಲುಡಬ್ಬಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಬಿಟ್ಟುಬಂದರು. ಆ ಬೇಸಿಗೆಯಲ್ಲಿ ಅರಿಜೋನದ ಗಣಿಗಳಲ್ಲಿ ಸಂಘಟನೆಯ ಕೆಲಸ ಮಾಡಿದ್ದ ಲಿಟ್ಲ್ ಅಂದು ಬಿಸ್ಬೀಯಲ್ಲಿ ಇರಲಿಲ್ಲ. ಅರಿಜೋನದಲ್ಲಿದ್ದಾಗ ಅವರ ಕಾಲಿನ ಮೂಳೆ ಮುರಿದಿತ್ತು. ಊರುಗೋಲುಗಳನ್ನು ಹಿಡಿದೇ ಅವರು ಮುಂದಿನ ಊರಿಗೆ ಹೊರಟರು.

ಬ್ಯೂಟ್ ನಗರ

ಆ ಮುಂದಿನ ಊರು ಬ್ಯೂಟ್. ಮೊಂಟಾನದ ಬೆಟ್ಟಗಳ ನಡುವೆ ತಾಮ್ರದ ಗಣಿಗಳ ಮೇಲೆಯೇ ಬೆಳೆದ ಈ ನಗರವು ಒಂದು ಕಾಲದಲ್ಲಿ ಕಾರ್ಮಿಕ ಸಂಘಗಳ ಭದ್ರಕೋಟೆಯಾಗಿತ್ತು. ಗಣಿಗಾರರ ಹಳೆಯ ಸಂಘವು ಒಳಜಗಳಗಳಿಂದ ಬಿರುಕುಬಿಟ್ಟು, ೧೯೧೪ರಲ್ಲಿ ಅದರ ಭವನವೇ ಸಿಡಿಮದ್ದಿಗೆ ಆಹುತಿಯಾದ ಮೇಲೆ ಪರಿಸ್ಥಿತಿ ಬದಲಾಯಿತು. ಅನಕೊಂಡ ತಾಮ್ರ ಗಣಿ ಕಂಪನಿಯು ಸಂಘದೊಡನೆ ವ್ಯವಹರಿಸುವುದನ್ನು ನಿಲ್ಲಿಸಿತು. ಮೊಂಟಾನದ ಬಹುಪಾಲು ಪ್ರಮುಖ ಪತ್ರಿಕೆಗಳು ಆ ಕಂಪನಿಯ ಹಿಡಿತದಲ್ಲಿದ್ದವು. ಕೆಲಸ ಬೇಕಾದವನು ಕಂಪನಿಯ ನೇಮಕಾತಿ ಕಚೇರಿಯಿಂದ ರಸ್ಲಿಂಗ್ ಕಾರ್ಡ್ ಎಂಬ ಚೀಟಿಯನ್ನು ಪಡೆಯಬೇಕಿತ್ತು. ಅರ್ಜಿದಾರನ ಪೂರ್ವಾಪರವನ್ನು ವಿಚಾರಿಸಿ ಕೊಡಲಾಗುತ್ತಿದ್ದ ಈ ಚೀಟಿ ಇಲ್ಲದವನಿಗೆ ಬೆಟ್ಟದ ಯಾವ ಗಣಿಯಲ್ಲಿಯೂ ಕೆಲಸ ಸಿಗುವುದು ಕಷ್ಟವಾಗಿತ್ತು. ಸಂಘದ ಪರವಾಗಿ ಮಾತನಾಡಿದವನಿಗೆ ಚೀಟಿಯನ್ನು ನಿರಾಕರಿಸಿದರೆ ಸಾಕಿತ್ತು.

೧೯೧೭ರ ಜೂನ್ ೮ರ ರಾತ್ರಿ ನಾರ್ತ್ ಬ್ಯೂಟ್ ಗಣಿ ಕಂಪನಿಗೆ ಸೇರಿದ ಗ್ರಾನೈಟ್ ಮೌಂಟನ್ ಗಣಿಬಾವಿಯಲ್ಲಿ ವಿದ್ಯುತ್ ಕೇಬಲ್ ಒಂದನ್ನು ಕೆಳಗಿಳಿಸುವಾಗ ಅದು ಜಾರಿ ಬಿದ್ದಿತು. ಪರೀಕ್ಷಿಸಲು ಹೋದ ಮೇಲ್ವಿಚಾರಕನ ಕಾರ್ಬೈಡ್ ದೀಪವು ಕೇಬಲ್ಲಿನ ಎಣ್ಣೆಯ ಹೊದಿಕೆಗೆ ತಗುಲಿ ಬೆಂಕಿ ಹತ್ತಿತು. ಬಾವಿಯು ಹೊಗೆಕೊಳವೆಯಂತಾಗಿ, ಅದಕ್ಕೆ ಸುರಂಗಗಳ ಮೂಲಕ ಕೂಡಿಕೊಂಡಿದ್ದ ಸ್ಪೆಕ್ಯುಲೇಟರ್ ಗಣಿಯವರೆಗೂ ವಿಷಾನಿಲ ಹರಡಿತು. ೧೬೮ ಜನರು ಸತ್ತರು. ಅಮೆರಿಕದ ಲೋಹದ ಗಣಿಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದುರಂತ ಇನ್ನೊಂದಿಲ್ಲ. ಸುರಂಗಗಳ ಅಡ್ಡಗೋಡೆಗಳಲ್ಲಿ ತೆರೆಯಬಹುದಾದ ಬಾಗಿಲುಗಳಿರಬೇಕೆಂದು ಕಾನೂನು ವಿಧಿಸಿತ್ತು. ಆದರೆ ಕೆಲವು ಅಡ್ಡಗೋಡೆಗಳನ್ನು ಕಾಂಕ್ರೀಟಿನಿಂದ ಪೂರ್ಣವಾಗಿ ಮುಚ್ಚಲಾಗಿತ್ತು. ತಪ್ಪಿಸಿಕೊಳ್ಳಲು ಓಡಿಬಂದವರ ಶವಗಳು ಅವುಗಳ ಬುಡದಲ್ಲಿ ಸಿಕ್ಕಿದವು.

ಕೆಲವೇ ದಿನಗಳಲ್ಲಿ ಸಾವಿರಾರು ಗಣಿಗಾರರು ಕೆಲಸ ನಿಲ್ಲಿಸಿ, ಮೆಟಲ್ ಮೈನ್ ವರ್ಕರ್ಸ್ ಯೂನಿಯನ್ ಎಂಬ ಹೊಸ ಸಂಘವನ್ನು ಕಟ್ಟಿದರು. ಸಂಘಕ್ಕೆ ಮನ್ನಣೆ, ದಿನಕ್ಕೆ ಆರು ಡಾಲರ್ ಕೂಲಿ, ರಸ್ಲಿಂಗ್ ಕಾರ್ಡ್ ಪದ್ಧತಿಯ ರದ್ದತಿ ಮತ್ತು ಗಣಿಗಳ ಸುರಕ್ಷತೆಯ ತಪಾಸಣೆ ಅವರ ಮುಖ್ಯ ಬೇಡಿಕೆಗಳಾಗಿದ್ದವು. ಇದು ಸ್ವತಂತ್ರ ಸಂಘ; ಐ.ಡಬ್ಲ್ಯೂ.ಡಬ್ಲ್ಯೂ. ಸಂಘಟನೆಯ ಶಾಖೆಯಲ್ಲ.

ಲಿಟ್ಲ್ ಜುಲೈ ೧೮ರಂದು ಬ್ಯೂಟ್ ತಲುಪಿದರು. ಮರುದಿನವೇ ಆಟದ ಮೈದಾನದಲ್ಲಿ ಸೇರಿದ್ದ ದೊಡ್ಡ ಸಭೆಯಲ್ಲಿ ಮಾತನಾಡಿದರು. ಗಣಿಗಾರರ ಒಗ್ಗಟ್ಟಿನ ಬಗ್ಗೆ ಹೇಳಿದಂತೆಯೇ ಯುದ್ಧವು ಬಂಡವಾಳಗಾರರ ಯುದ್ಧವೆಂದೂ ಹೇಳಿದರು. ಮುಷ್ಕರಗಳನ್ನು ಮುರಿಯಲು ಬಳಕೆಯಾಗುವ ಸೈನಿಕರನ್ನು ಕಟುವಾಗಿ ನಿಂದಿಸಿದರು. ಸ್ಥಳೀಯ ಮುಷ್ಕರದ ನಾಯಕರಲ್ಲಿಯೇ ಕೆಲವರಿಗೆ ಈ ಮಾತುಗಳು ಇಷ್ಟವಾಗಲಿಲ್ಲ. ಪತ್ರಿಕೆಗಳು ಅವರನ್ನು ದೇಶದ್ರೋಹಿಯೆಂದು ಕರೆದು, ಇಂಥವರನ್ನು ಎಷ್ಟು ದಿನ ಸಹಿಸಬೇಕೆಂದು ಕೇಳಿದವು. ಅನಕೊಂಡ ಕಂಪನಿಯ ವಕೀಲರು ಲಿಟ್ಲ್ ಅವರನ್ನು ಬಂಧಿಸಬೇಕೆಂದು ಮೊಂಟಾನದಲ್ಲಿದ್ದ ಕೇಂದ್ರ ಸರ್ಕಾರದ ಪ್ರಾಸಿಕ್ಯೂಟರ್ ಬರ್ಟನ್ ವೀಲರ್ ಅವರನ್ನು ಒತ್ತಾಯಿಸಿದರು. ಭಾಷಣಗಳನ್ನು ಪರಿಶೀಲಿಸಿದ ವೀಲರ್, ಅವುಗಳಿಂದ ಆಗ ಜಾರಿಯಲ್ಲಿದ್ದ ಕಾನೂನು ಯಾವುದೂ ಉಲ್ಲಂಘನೆಯಾಗಿಲ್ಲವೆಂದು ತೀರ್ಮಾನಿಸಿದರು.

ಹತ್ಯೆ

ಲಿಟ್ಲ್ ಅವರು ನಾರ್ತ್ ವಯೋಮಿಂಗ್ ಬೀದಿಯ ವಸತಿಗೃಹವೊಂದರಲ್ಲಿ ತಂಗಿದ್ದರು. ಸಂಘದ ಸಭೆಗಳು ನಡೆಯುತ್ತಿದ್ದ ಫಿನ್ಲೆಂಡ್ ವಲಸೆಗಾರರ ಭವನವು ಅದರ ಪಕ್ಕದಲ್ಲಿಯೇ ಇತ್ತು. ಆಗಸ್ಟ್ ೧ರ ನಸುಕಿನ ಸುಮಾರು ಮೂರು ಗಂಟೆಗೆ ಕಪ್ಪು ಕಾರೊಂದು ಅಲ್ಲಿ ಬಂದು ನಿಂತಿತು. ಮುಸುಕು ಧರಿಸಿದ ಆರು ಜನರು ಒಳಗೆ ಬಂದರು. ಮೊದಲು ಬೇರೊಂದು ಕೋಣೆಯ ಬಾಗಿಲನ್ನು ಒಡೆದರು. ಎಚ್ಚತ್ತ ಮನೆಯೊಡತಿಗೆ ತಾವು ಅಧಿಕಾರಿಗಳೆಂದು ಹೇಳಿ ಲಿಟ್ಲ್ ಅವರ ಕೋಣೆ ಯಾವುದೆಂದು ಕೇಳಿ ತಿಳಿದರು. ಒಳಉಡುಪಿನಲ್ಲಿದ್ದ ಅವರನ್ನು ಹಾಗೆಯೇ ಎತ್ತಿಕೊಂಡು ಹೋದರು. ಕಾಲು ಮುರಿದಿದ್ದ ಅವರಿಗೆ ಓಡುವುದು ಸಾಧ್ಯವಿರಲಿಲ್ಲ.

ದಾರಿಯಲ್ಲಿ ಅವರನ್ನು ಕಾರಿನ ಹಿಂದೆ ಕಟ್ಟಿ ಎಳೆದೊಯ್ಯಲಾಯಿತು. ಅವರ ಮಂಡಿಗಳ ಮೇಲಿನ ಗಾಯಗಳು ಅದನ್ನು ಸೂಚಿಸುತ್ತಿದ್ದವು. ನಗರದ ಅಂಚಿನಲ್ಲಿದ್ದ ಮಿಲ್ವಾಕೀ ರೈಲುಮಾರ್ಗದ ಸೇತುವೆಗೆ ಅವರನ್ನು ನೇಣುಹಾಕಲಾಯಿತು. ಬೆಳಿಗ್ಗೆ ಶವ ಪತ್ತೆಯಾದಾಗ ಅದಕ್ಕೆ ಚೀಟಿಯೊಂದನ್ನು ಸಿಕ್ಕಿಸಲಾಗಿತ್ತು. ಇದು ಮೊದಲನೆಯದೂ ಕೊನೆಯದೂ ಆದ ಎಚ್ಚರಿಕೆಯೆಂದು ಇತರರಿಗೆ ತಿಳಿಸುವ ಆ ಚೀಟಿಯಲ್ಲಿ ೩–೭–೭೭ ಎಂಬ ಅಂಕಿಗಳೂ ಕೆಲವು ಇಂಗ್ಲಿಷ್ ಅಕ್ಷರಗಳೂ ಇದ್ದವು. ಆ ಅಕ್ಷರಗಳು ಮುಷ್ಕರದ ನಾಯಕರ ಹೆಸರುಗಳ ಮೊದಲಕ್ಷರಗಳೆಂದು ಅರ್ಥೈಸಲಾಗಿದೆ. ಲಿಟ್ಲ್ ಅವರ ಹೆಸರಿನ ಮೊದಲಕ್ಷರದ ಸುತ್ತ ವೃತ್ತ ಬರೆಯಲಾಗಿತ್ತು. ೩–೭–೭೭ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಮೊಂಟಾನದ ಸ್ವಯಂಘೋಷಿತ ದಂಡನಾ ಗುಂಪುಗಳು ಊರುಬಿಟ್ಟು ಹೋಗೆಂದು ಬೆದರಿಸಲು ಬಳಸುತ್ತಿದ್ದ ಗುರುತು. ಅದು ಗೋರಿಯ ಅಳತೆಯೆಂದು ಜನರಲ್ಲಿ ಪ್ರತೀತಿ ಇದೆ: ಮೂರು ಅಡಿ ಅಗಲ, ಏಳು ಅಡಿ ಉದ್ದ, ಎಪ್ಪತ್ತೇಳು ಅಂಗುಲ ಆಳ. ಮೊಂಟಾನ ಹೆದ್ದಾರಿ ಪೊಲೀಸರ ಸಮವಸ್ತ್ರದ ಲಾಂಛನದಲ್ಲಿ ಆ ಅಂಕಿಗಳು ಇಂದೂ ಇವೆ.

ತನಿಖೆ ಮತ್ತು ಅಂತ್ಯಕ್ರಿಯೆ

ಮರಣದ ಕಾರಣವನ್ನು ವಿಚಾರಿಸಿದ ಕಾರೊನರ್ ಪಂಚಾಯಿತರು ಅಪರಿಚಿತ ವ್ಯಕ್ತಿಗಳು ನೇಣುಹಾಕಿದ್ದರಿಂದ ಸಾವು ಸಂಭವಿಸಿದೆ ಎಂದು ತೀರ್ಪಿತ್ತರು. ಕಂಪನಿಯ ಪತ್ತೇದಾರರ ಮೇಲೂ ಸ್ಥಳೀಯ ಪೊಲೀಸರಲ್ಲಿ ಕೆಲವರ ಮೇಲೂ ಕಾರ್ಮಿಕರು ಸಂಶಯಪಟ್ಟರು. ಆದರೆ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಕೊಲೆಗಾರರು ಯಾರೆಂಬುದು ಇಂದಿಗೂ ಸಿದ್ಧವಾಗಿಲ್ಲ. ಬೀದಿಯಲ್ಲಿ ಭಾಷಣ ಮಾಡಿದವನನ್ನು ನಿಮಿಷಗಳಲ್ಲಿ ಬಂಧಿಸುತ್ತಿದ್ದ ವ್ಯವಸ್ಥೆಗೆ, ನಗರದ ನಡುವಿನಿಂದ ಒಬ್ಬನನ್ನು ಕಾರಿಗೆ ಕಟ್ಟಿ ಎಳೆದೊಯ್ದ ಆರು ಜನರಲ್ಲಿ ಒಬ್ಬನೂ ಸಿಗಲಿಲ್ಲ.

ಆಗಸ್ಟ್ ೫ರಂದು ಅಂತ್ಯಕ್ರಿಯೆ ನಡೆಯಿತು. ಬ್ಯೂಟ್ ಬೀದಿಗಳಲ್ಲಿ ಸಾವಿರಾರು ಗಣಿಗಾರರು ಶವದ ಹಿಂದೆ ನಡೆದರು. ಅದಕ್ಕಿಂತ ಹೆಚ್ಚು ಜನರು ದಾರಿಯ ಎರಡೂ ಬದಿಗಳಲ್ಲಿ ನಿಂತಿದ್ದರು. ಮೌಂಟನ್ ವ್ಯೂ ಸ್ಮಶಾನದಲ್ಲಿ ಅವರನ್ನು ಮಣ್ಣುಮಾಡಲಾಯಿತು. ಸಹ ಕಾರ್ಮಿಕರನ್ನು ಸಂಘಟಿಸಿ ಹುರಿದುಂಬಿಸಿದ್ದಕ್ಕಾಗಿ ಬಂಡವಾಳಗಾರರ ಹಿತಾಸಕ್ತಿಗಳು ಇವರನ್ನು ಕೊಂದವೆಂದು ಅಲ್ಲಿಯ ಕಲ್ಲಿನ ಮೇಲೆ ಕೆತ್ತಲಾಗಿದೆ.

ಪರಿಣಾಮಗಳು

ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ, ಮೊಂಟಾನದ ಜೀನೆಟ್ ರ‍್ಯಾಂಕಿನ್ ಅವರು ಗಣಿಗಳನ್ನು ಸರ್ಕಾರವೇ ವಹಿಸಿಕೊಳ್ಳಬೇಕೆಂದು ಸಂಸತ್ತಿನಲ್ಲಿ ಕೋರಿ, ಗಣಿಗಾರರ ಪರವಾಗಿ ಮಾತನಾಡಿದರು. ವೀಲರ್ ಹತ್ಯೆಯನ್ನು ಬಹಿರಂಗವಾಗಿ ಖಂಡಿಸಿದರು. ಆದರೆ ಆಡಳಿತದ ಪ್ರತಿಕ್ರಿಯೆ ಬೇರೆಯಾಗಿತ್ತು. ಆಗಸ್ಟ್ ತಿಂಗಳಿನಲ್ಲಿಯೇ ಸೇನೆಯು ಬ್ಯೂಟ್ ನಗರಕ್ಕೆ ಬಂದಿತು. ೧೯೨೧ರ ಆರಂಭದವರೆಗೂ ಅಲ್ಲಿಯೇ ಇತ್ತು. ಮುಷ್ಕರವು ಕ್ಷೀಣಿಸಿ ಡಿಸೆಂಬರ್ ತಿಂಗಳಿನಲ್ಲಿ ಕೊನೆಗೊಂಡಿತು.

ಸೆಪ್ಟೆಂಬರ್ ೫ರಂದು ಕೇಂದ್ರ ಸರ್ಕಾರದ ಅಧಿಕಾರಿಗಳು ದೇಶದಾದ್ಯಂತ ಐ.ಡಬ್ಲ್ಯೂ.ಡಬ್ಲ್ಯೂ. ಕಚೇರಿಗಳ ಮೇಲೆ ಏಕಕಾಲದಲ್ಲಿ ದಾಳಿಮಾಡಿ ಪತ್ರಗಳನ್ನು ವಶಪಡಿಸಿಕೊಂಡರು. ೧೯೧೮ರಲ್ಲಿ ಷಿಕಾಗೋದಲ್ಲಿ ನಡೆದ ವಿಚಾರಣೆಯಲ್ಲಿ ನೂರು ಮಂದಿ ಸದಸ್ಯರು ಯುದ್ಧಪ್ರಯತ್ನಕ್ಕೆ ಅಡ್ಡಿಪಡಿಸಿದರೆಂದು ಅಪರಾಧಿಗಳಾದರು. ಹೇವುಡ್ ಸೇರಿದಂತೆ ಹಲವರಿಗೆ ಇಪ್ಪತ್ತು ವರ್ಷಗಳ ಶಿಕ್ಷೆಯಾಯಿತು.

ವೀಲರ್ ಅವರಿಗೆ ಲಿಟ್ಲ್ ಅವರನ್ನು ಬಂಧಿಸಲು ಕಾನೂನು ಸಿಕ್ಕಿರಲಿಲ್ಲ. ೧೯೧೮ರ ಫೆಬ್ರವರಿಯಲ್ಲಿ ಮೊಂಟಾನದ ವಿಧಾನಸಭೆಯು ವಿಶೇಷ ಅಧಿವೇಶನ ಸೇರಿ ರಾಜದ್ರೋಹದ ಕಾನೂನನ್ನು ಮಾಡಿತು. ಸರ್ಕಾರ, ಸೇನೆ, ಸಂವಿಧಾನ ಅಥವಾ ಧ್ವಜದ ಬಗ್ಗೆ ಅಗೌರವದ ಮಾತನಾಡಿದವರಿಗೆ ಇಪ್ಪತ್ತು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅದು ಅವಕಾಶ ನೀಡಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಕೇಂದ್ರ ಸಂಸತ್ತು ಅಂಗೀಕರಿಸಿದ ರಾಜದ್ರೋಹದ ಕಾನೂನಿಗೆ ಇದೇ ಮಾದರಿಯಾಯಿತು. ಹೀಗೆ ಲಿಟ್ಲ್ ಅವರ ಕೊಲೆಗಾಗಿ ಒಬ್ಬರಿಗೂ ಶಿಕ್ಷೆಯಾಗದ ರಾಜ್ಯದಲ್ಲಿ ಅವರಂತೆ ಮಾತನಾಡಿದ್ದಕ್ಕಾಗಿ ಹಲವಾರು ಜನಸಾಮಾನ್ಯರು ಸೆರೆಮನೆ ಸೇರಿದರು. ೨೦೦೬ರ ಮೇ ತಿಂಗಳಿನಲ್ಲಿ ರಾಜ್ಯಪಾಲ ಬ್ರಯನ್ ಷ್ವೈಟ್ಜರ್ ಅವರು ಆ ಕಾನೂನಿನಡಿ ಅಪರಾಧಿಗಳಾಗಿದ್ದ ೭೮ ಜನರಿಗೆ ಮರಣೋತ್ತರ ಕ್ಷಮಾದಾನ ನೀಡಿದರು.

ಹಿಂಸೆಯೂ ಮುಂದುವರಿಯಿತು. ೧೯೧೯ರ ಆಗಸ್ಟ್ ತಿಂಗಳಿನಲ್ಲಿ ಪೆನ್ಸಿಲ್ವೇನಿಯದಲ್ಲಿ ಕಲ್ಲಿದ್ದಲು ಗಣಿಗಾರರ ಸಂಘಟಕಿ ಫ್ಯಾನಿ ಸೆಲಿನ್ಸ್ ಗುಂಡೇಟಿಗೆ ಬಲಿಯಾದರು. ಅದೇ ವರ್ಷದ ನವೆಂಬರ್ ೧೧ರಂದು ವಾಷಿಂಗ್ಟನ್ ರಾಜ್ಯದ ಸೆಂಟ್ರೇಲಿಯದಲ್ಲಿ ವೆಸ್ಲಿ ಎವರೆಸ್ಟ್ ಎಂಬ ವಾಬ್ಲಿಯನ್ನು ಸೆರೆಮನೆಯಿಂದ ಎಳೆದೊಯ್ದು ಸೇತುವೆಗೆ ನೇಣುಹಾಕಲಾಯಿತು. ೧೯೨೦ರ ಏಪ್ರಿಲ್ ೨೧ರಂದು ಬ್ಯೂಟ್ ನಗರದಲ್ಲಿಯೇ ಅನಕೊಂಡ ರಸ್ತೆಯಲ್ಲಿ ಸೇರಿದ್ದ ಮುಷ್ಕರನಿರತ ಗಣಿಗಾರರ ಮೇಲೆ ಕಂಪನಿಯ ಕಾವಲುಗಾರರು ಗುಂಡುಹಾರಿಸಿದರು. ಹಲವರು ಗಾಯಗೊಂಡು ಒಬ್ಬರು ಮೃತರಾದರು. ಬ್ಯೂಟ್ ಗಣಿಗಾರರ ಸಂಘವು ಕಂಪನಿಯ ಮನ್ನಣೆಯನ್ನು ಮತ್ತೆ ಪಡೆದದ್ದು ೧೯೩೪ರ ಮುಷ್ಕರದ ಬಳಿಕವೇ.

ಸಾಹಿತ್ಯ ಮತ್ತು ಚಲನಚಿತ್ರದಲ್ಲಿ

ಪತ್ತೇದಾರಿ ಕಾದಂಬರಿಕಾರ ಡ್ಯಾಷಿಯಲ್ ಹ್ಯಾಮೆಟ್ ತಾರುಣ್ಯದಲ್ಲಿ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ಕೆಲಸ ಮಾಡಿದ್ದರು. ಲಿಟ್ಲ್ ಅವರನ್ನು ಕೊಲ್ಲಲು ತನಗೆ ಐದು ಸಾವಿರ ಡಾಲರ್ ಕೊಡಲು ಮುಂದಾಗಿದ್ದರೆಂದು ಹ್ಯಾಮೆಟ್ ಹೇಳಿದ್ದಾಗಿ ಅವರ ಸಂಗಾತಿ, ನಾಟಕಕಾರ್ತಿ ಲಿಲಿಯನ್ ಹೆಲ್ಮನ್ ಬರೆದಿದ್ದಾರೆ. ಇದಕ್ಕೆ ಬೇರೆ ಆಧಾರವಿಲ್ಲದ ಕಾರಣ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಗಣಿ ಕಂಪನಿಯೊಂದರ ಹಿಡಿತದಲ್ಲಿರುವ ಊರಿನ ಕಥೆಯನ್ನು ಹೇಳುವ ಹ್ಯಾಮೆಟ್ ಅವರ ರೆಡ್ ಹಾರ್ವೆಸ್ಟ್ (೧೯೨೯) ಕಾದಂಬರಿಗೆ ಬ್ಯೂಟ್ ನಗರವೇ ಪ್ರೇರಣೆಯೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಟ್ರಾವಿಸ್ ವಿಲ್ಕರ್ಸನ್ ನಿರ್ದೇಶಿಸಿದ ಆ್ಯನ್ ಇಂಜುರಿ ಟು ಒನ್ (೨೦೦೨) ಎಂಬ ಸಾಕ್ಷ್ಯಚಿತ್ರವು ಲಿಟ್ಲ್ ಅವರ ಹತ್ಯೆಯನ್ನೂ ಬ್ಯೂಟ್ ನಗರದ ಗಣಿಗಾರಿಕೆಯ ಚರಿತ್ರೆಯನ್ನೂ ಒಟ್ಟಿಗೆ ನಿರೂಪಿಸುತ್ತದೆ.

ಲಿಟ್ಲ್ ಪುಸ್ತಕಗಳನ್ನು ಬರೆದವರಲ್ಲ. ಅವರ ಕೆಲಸವು ಸಂಘದ ದಾಖಲೆಗಳಲ್ಲಿ, ನ್ಯಾಯಾಲಯದ ಕಡತಗಳಲ್ಲಿ ಮತ್ತು ಅವರನ್ನು ವಿರೋಧಿಸಿದ ಪತ್ರಿಕೆಗಳ ವರದಿಗಳಲ್ಲಿ ಚದುರಿಹೋಗಿದೆ. ಬೀದಿ ಭಾಷಣದ ಹಕ್ಕಿಗಾಗಿ ಅವರು ಭಾಗವಹಿಸಿದ ಹೋರಾಟಗಳನ್ನು ಅಮೆರಿಕದ ವಾಕ್ ಸ್ವಾತಂತ್ರ್ಯದ ಇತಿಹಾಸದಲ್ಲಿ ಮುಖ್ಯ ಘಟ್ಟವೆಂದು ಪರಿಗಣಿಸಲಾಗುತ್ತದೆ.